ಎರಡು ಗಂಟೆಯ ಸಾಲು

ಅವಳನ್ನು ಎಲ್ಲರೂ ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಲೈಸೆನ್ಸ್ ಕಾರ್ಡಿನ ಮೇಲಿತ್ತು. ಎರಡು ವರ್ಷಕ್ಕೊಮ್ಮೆ ನವೀಕರಣದ ಅರ್ಜಿ ತುಂಬುವಾಗ ಬಿಟ್ಟರೆ ಅದು ಯಾರ ಬಾಯಿಗೂ ಬರುತ್ತಿರಲಿಲ್ಲ. ಗೆರೆ ಅಂಟಿಕೊಂಡದ್ದು ಅವಳ ಒಂದು ಅಭ್ಯಾಸದಿಂದ. ರೋಗಿಯ ಚಾರ್ಟಿನಲ್ಲಿ ಏನೇ ಬರೆಯಲಿ, ಬರೆದು ಮುಗಿಸಿದ ಜಾಗದಿಂದ ಹಾಳೆಯ ಅಂಚಿನ ತನಕ ನೇರವಾಗಿ ಒಂದು ಗೆರೆ ಎಳೆದು, ಅದರ ತುದಿಗೆ ಸಹಿ ಹಾಕುವಳು. ಖಾಲಿ ಉಳಿದ ಜಾಗದಲ್ಲಿ ಆಮೇಲೆ ಯಾರೂ ಒಂದಕ್ಷರವನ್ನೂ ತುರುಕಬಾರದಲ್ಲ, ಅದಕ್ಕೆ. ಇದನ್ನು ನರ್ಸಿಂಗ್ ಪಾಠದಲ್ಲಿ ಎಲ್ಲರಿಗೂ ಹೇಳಿಕೊಡುತ್ತಾರೆ, ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ, ಕೆಲಸಕ್ಕೆ ಸೇರಿದ ಮೂರನೇ ತಿಂಗಳಿಗೆ ಎಲ್ಲರೂ ಮರೆಯುತ್ತಾರೆ. ಇವಳು ಇಪ್ಪತ್ಮೂರು ವರ್ಷವಾದರೂ ಮರೆತಿರಲಿಲ್ಲ. ಮರೆಯುವುದಿರಲಿ, ಮನೆಯಲ್ಲಿ ಸಾಮಾನಿನ ಚೀಟಿ ಬರೆದರೂ ಕೊನೆಗೊಂದು ಗೆರೆ. ಆ ಚೀಟಿ ಹಿಡಿದು ಅಂಗಡಿಗೆ ಹೋಗುವವನು ಗಂಡ, ಬಸ್ ಡ್ರೈವರ್.

"ಮಧ್ಯದಲ್ಲಿ ನಾನು ಎರಡು ಪೊಟ್ಟಣ ಬಿಸ್ಕತ್ತು ಸೇರಿಸಿಬಿಡ್ತೀನಿ ಅಂತ ಹೆದರಿಕೆನಾ?" ಎಂದು ರೇಗಿಸುತ್ತಿದ್ದ.

"ಸೇರಿಸೋರೇ ನೀವು," ಎನ್ನುತ್ತಿದ್ದಳು.

ಅವಳು ಕೆಲಸ ಮಾಡುತ್ತಿದ್ದದ್ದು ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ. ಉದ್ದನೆಯ ಹಜಾರ, ಎರಡೂ ಕಡೆ ಸೇರಿ ಇಪ್ಪತ್ತೆರಡು ಕೋಣೆ, ಒಂದೊಂದರಲ್ಲಿ ಒಬ್ಬೊಬ್ಬರು. ನರ್ಸ್ ಎಂದರೆ ಜನಕ್ಕೆ ಎಲ್ಲ ಒಂದೇ, ಒಂದು ಬಿಳಿ ಬಟ್ಟೆ, ಒಂದು ಸೂಜಿ, ಮುಗಿಯಿತು. ಆದರೆ ಒಳಗೆ ಮೆಟ್ಟಿಲುಗಳಿವೆ. ಮೇಲಿನ ಮೆಟ್ಟಿಲಲ್ಲಿ ಮೇಟ್ರನ್. ರೋಗಿಗೆ ಏನಾಗಿರಬಹುದು ಎಂದು ತೀರ್ಮಾನಿಸಿ ಡಾಕ್ಟರಿಗೆ ಫೋನ್ ಮಾಡುವವಳು ಅವಳು. ಕೆಳಗಿನ ಮೆಟ್ಟಿಲಲ್ಲಿ ಗೆರೆಯಕ್ಕನಂಥ ಪ್ರಾಕ್ಟಿಕಲ್ ನರ್ಸ್. ಇವಳು ಮಾತ್ರೆ ಕೊಡಬಹುದು, ಗಾಯ ಕಟ್ಟಬಹುದು, ಬಿ.ಪಿ. ನೋಡಬಹುದು, ಆದರೆ ಏನಾಗಿದೆ ಎಂದು ಹೇಳುವ ಹಾಗಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಏನಾದರೂ ಬದಲಾವಣೆ ಕಂಡರೆ ಆ ಕ್ಷಣವೇ ಮೇಲಿನವರಿಗೆ ತಿಳಿಸಬೇಕು. 'ಬೇಜಾರಿನಲ್ಲಿದ್ದಾರೆ' ಎಂದು ಬರೆಯುವ ಹಾಗಿಲ್ಲ, 'ಗೋಡೆ ಕಡೆ ತಿರುಗಿ ಮಲಗಿದ್ದಾರೆ, ಊಟ ಬೇಡವೆಂದರು' ಎಂದು ಬರೆಯಬೇಕು. ಬೇಜಾರು ಕಣ್ಣಿಗೆ ಕಾಣುವ ವಸ್ತುವಲ್ಲ, ಗೋಡೆ ಕಾಣುತ್ತದೆ. ಜೊತೆಯ ಕೆಲವರಿಗೆ ಇದು ತಮ್ಮನ್ನು ಕೀಳಾಗಿ ಕಂಡಂತೆ ಅನ್ನಿಸುತ್ತಿತ್ತು, ಮೂಗು ಮುರಿಯುತ್ತಿದ್ದರು. ಗೆರೆಯಕ್ಕನಿಗೆ ಅದರಲ್ಲೇ ಹೆಮ್ಮೆ.

"ನೋಡೋದಕ್ಕೆ ಅಂತಾನೇ ಲೈಸೆನ್ಸ್ ಇಟ್ಕೊಂಡಿರೋಳು ನಾನು. ನೋಡಿದೆ ಅಂದ್ರೆ ನೋಡಿದ ಹಾಗೆ," ಎನ್ನುತ್ತಿದ್ದಳು.

ಒಂಬತ್ತನೇ ಕೋಣೆಯಲ್ಲಿ ಲಿಫ್ಟ್ ತಾತ ಇದ್ದರು. ನಲವತ್ತು ವರ್ಷ ಊರಿನ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡಿದವರು, ಬಲಗೈಯ ಎರಡು ಬೆರಳು ಯಾವುದೋ ತಂತಿಗೆ ಸಿಕ್ಕಿ ಸೊಟ್ಟಗಾಗಿದ್ದವು. ಅವರ ಬಾಗಿಲಲ್ಲಿ ಯಾರೇ ನಿಲ್ಲಲಿ, ತಾತ ಕೇಳುವ ಪ್ರಶ್ನೆ ಒಂದೇ.

"ಮೇಲಾ, ಕೆಳಗಾ?"

ಒಬ್ಬೊಬ್ಬರದು ಒಂದೊಂದು ಉತ್ತರ. ಮೇಟ್ರನ್ "ಮೇಲಕ್ಕೇ ಇರಲಿ" ಎನ್ನುವಳು. ಊಟದ ತಟ್ಟೆ ಎತ್ತಲು ಬರುವ ಆಯಾ "ಎಲ್ಲಿಗೂ ಬೇಡ ಮಾರಾಯರೇ, ತಟ್ಟೆ ಕೊಡಿ" ಎಂದು ಗೊಣಗುವಳು. ಗೆರೆಯಕ್ಕ ಮಾತ್ರ "ಇದೇ ಫ್ಲೋರು ತಾತ" ಎನ್ನುವಳು. ಆಗ ಅವರು "ಹಾಗಾದ್ರೆ ಒಳಗೆ ಬಾ, ಬಾಗಿಲು ಮುಚ್ಚಿಕೊಳ್ಳುತ್ತೆ" ಎಂದು ನಗುವರು. ದಿನಕ್ಕೆ ಐದಾರು ಸಲ ಇದೇ ಜೋಕು. ಯಾರಿಗೂ ನಗು ಬರುತ್ತಿರಲಿಲ್ಲ, ಆದರೆ ಕೇಳದೆ ಬಂದರೆ ಏನೋ ಬಿಟ್ಟುಬಂದ ಹಾಗೆ ಅನ್ನಿಸುತ್ತಿತ್ತು. ತಾತನ ಕಿವಿ ಬಲು ಚುರುಕು. ಕಣ್ಣು ಮುಚ್ಚಿ ಜೊಂಪಿನಲ್ಲಿದ್ದರೂ ಚಪ್ಪಲಿಯ ಸದ್ದು ಬಾಗಿಲಲ್ಲಿ ನಿಂತರೆ ಸಾಕು, ತುಟಿ ಅಲುಗುತ್ತಿತ್ತು: ಮೇಲಾ, ಕೆಳಗಾ?

ತಾತನಿಗೆ ಒಬ್ಬಳೇ ಮಗಳು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಬುಧವಾರ ಅವಳಿಗೆ ಅರ್ಧ ದಿನ ರಜೆ, ಅಂದು ಮಧ್ಯಾಹ್ನ ಮೂರೂಕಾಲಿಗೆ ತಪ್ಪದೆ ಬಂದು ಅಪ್ಪನ ಪಕ್ಕದಲ್ಲಿ ಕೂರುತ್ತಿದ್ದಳು.

ಅದು ನಡೆದದ್ದೂ ಬುಧವಾರವೇ. ಹಗಲಿನ ಶಿಫ್ಟಿಗೆ ಮೂವರಿರಬೇಕಾದ ಕಡೆ ಇಬ್ಬರಿದ್ದರು, ಒಬ್ಬಳ ಮಗುವಿಗೆ ಜ್ವರವಂತೆ. ಗೆರೆಯಕ್ಕ ಬೆಳಗಿನಿಂದ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಾಡಿದ್ದಳು. ಎರಡು ಗಂಟೆಯ ರೌಂಡ್ಸ್ ಎಂದರೆ ಪ್ರತಿ ಕೋಣೆಯ ಒಳಗೆ ಹೋಗಿ, ಮಂಚದ ಪಕ್ಕ ನಿಂತು, ಒಂದು ಮಾತಾಡಿಸಿ ಬರೆಯಬೇಕು. ಎಂಟನೇ ಕೋಣೆಯ ತನಕ ಹಾಗೇ ಮಾಡಿದಳು. ಒಂಬತ್ತರ ಬಾಗಿಲಲ್ಲಿ ಮಾತ್ರ ನಿಂತಳು, ಒಳಗೆ ಹೋಗಲಿಲ್ಲ. ತಾತ ಅಂಗಾತ ಮಲಗಿದ್ದರು. ಕಣ್ಣು ಮುಚ್ಚಿತ್ತು, ಹೊದಿಕೆ ಎದೆಯ ತನಕ ಇತ್ತು, ಎದೆ ಏರಿಳಿಯುತ್ತಿತ್ತು. ಪಾಪ, ಮಲಗಲಿ, ಮೂರೂಕಾಲಿಗೆ ಮಗಳು ಬರ್ತಾಳೆ ಎಂದುಕೊಂಡಳು. ಬಾಗಿಲಲ್ಲಿ ನಿಂತೇ ಬರೆದಳು: '೨.೦೦ ಗಂಟೆ. ನಿದ್ದೆ ಮಾಡುತ್ತಿದ್ದಾರೆ.'

ಪೆನ್ನು ಗೆರೆಗೆ ಹೊರಳುವಷ್ಟರಲ್ಲಿ ಹನ್ನೆರಡನೇ ಕೋಣೆಯಿಂದ ದೊಪ್ಪೆಂದು ಸದ್ದು, ಹಿಂದೆಯೇ ಕೂಗು. ಅಲ್ಲಿಯ ಅಜ್ಜಿ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದಿದ್ದರು. ಗೆರೆಯಕ್ಕ ಹಾಳೆಯ ಅಂಚಿಗೆ ಸಹಿ ಗೀಚಿ ಓಡಿದಳು. ಬರೆದ ಸಾಲಿಗೂ ಸಹಿಗೂ ನಡುವೆ ನಾಲ್ಕು ಬೆರಳಷ್ಟು ಜಾಗ ಖಾಲಿ ಉಳಿಯಿತು. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ.

ಮೂರು ಮೂವತ್ತೈದಕ್ಕೆ ಒಂಬತ್ತನೇ ಕೋಣೆಯ ಕರೆಗಂಟೆ ಹೊಡೆದುಕೊಂಡಿತು. ನಿಲ್ಲದೆ ಹೊಡೆದುಕೊಂಡಿತು. ಗೆರೆಯಕ್ಕ ಹೋದಾಗ ಮಗಳು ಅಪ್ಪನ ಭುಜ ಹಿಡಿದು ಅಲುಗಿಸುತ್ತಿದ್ದಳು. ತಾತನ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಆಮೇಲೆ ಆಗಬೇಕಾದದ್ದೆಲ್ಲ ಚಕಚಕನೆ ಆಯಿತು, ಮೇಟ್ರನ್ ಬಂದಳು, ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆ ಎಂದರು. ಕೊನೆಯ ಸಲ ಇವರನ್ನು ಸರಿಯಾಗಿ ಕಂಡದ್ದು ಯಾವಾಗ ಎಂದು ಕೇಳಿದರು. ಮೇಟ್ರನ್ ಚಾರ್ಟ್ ತೋರಿಸಿದಳು. "ಒಂದೂವರೆ ಗಂಟೆ ಮುಂಚೆ ತಂದಿದ್ರೆ..." ಎಂದ ಡಾಕ್ಟರು ಮುಂದಿನ ಮಾತು ನುಂಗಿಕೊಂಡರು. ಮೂರನೇ ದಿನ ತಾತ ಹೋದರು.

ಆ ಸುದ್ದಿ ಬಂದ ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಗೆರೆಯಕ್ಕನಿಗೆ ಥಟ್ಟನೆ ಹೊಳೆಯಿತು. ಎರಡು ಗಂಟೆಗೆ ಬಾಗಿಲಲ್ಲಿ ನಿಂತಾಗ ತಾತ ಕೇಳಲಿಲ್ಲ. ಮೇಲಾ ಕೆಳಗಾ ಎಂದು ಕೇಳಲಿಲ್ಲ. ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಹೋದದ್ದು ಅವಳಿಗೆ ತಿಳಿಯಲೇ ಇಲ್ಲ.

ಇಂಥ ಸಾವಾದರೆ ನರ್ಸಿಂಗ್ ಮಂಡಳಿಗೆ ವರದಿ ಹೋಗಲೇಬೇಕು, ಹೋಯಿತು. ಐದು ವಾರದ ಮೇಲೆ ಮಂಡಳಿಯಿಂದ ಕಾಗದ ಬಂತು. ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆ. ಮೂಲ ಚಾರ್ಟಿನೊಂದಿಗೆ ಹಾಜರಾಗಬೇಕು. ಎರಡು ಗಂಟೆಗೆ ರೋಗಿಯನ್ನು ಯಾವ ರೀತಿಯಲ್ಲಿ ಗಮನಿಸಿದಿರಿ ಎಂಬುದನ್ನು ವಿವರಿಸಬೇಕು. ಕರ್ತವ್ಯಲೋಪ ಕಂಡುಬಂದಲ್ಲಿ ಲೈಸೆನ್ಸನ್ನು ಅಮಾನತಿನಲ್ಲಿಡಬಹುದು ಅಥವಾ ರದ್ದುಪಡಿಸಬಹುದು. ಕಾಗದದ ಭಾಷೆಗೆ ಕರುಣೆಯೂ ಇರುವುದಿಲ್ಲ, ಕೋಪವೂ ಇರುವುದಿಲ್ಲ, ಅದೇ ಅದರ ಭಯ.

ವಿಚಾರಣೆಯ ಹಿಂದಿನ ದಿನ, ಬುಧವಾರ ಮಧ್ಯಾಹ್ನ ಟೀ ಹೊತ್ತಿಗೆ ಮೇಟ್ರನ್ ತನ್ನ ಕೋಣೆಗೆ ಕರೆದಳು. ಇಬ್ಬರದೂ ಹದಿನಾಲ್ಕು ವರ್ಷದ ಒಡನಾಟ. ಮೇಜಿನ ಮೇಲೆ ಒಂಬತ್ತನೇ ಕೋಣೆಯ ಚಾರ್ಟ್ ತೆರೆದಿತ್ತು.

"ಕೂತ್ಕೋ ಗೆರೆ. ಇದನ್ನ ನೋಡಿದ್ಯಾ?"

ನೋಡದೆ ಏನು? ಐದು ವಾರದಿಂದ ಕಣ್ಣು ಮುಚ್ಚಿದರೂ ಅದೇ ಸಾಲು ಕಾಣುತ್ತಿತ್ತು.

"ನಿನ್ನ ಕೈಬರಹದಲ್ಲಿ ಖಾಲಿ ಜಾಗ ನೋಡಿದ್ದು ನಾನು ಇದೇ ಮೊದಲು," ಎಂದಳು ಮೇಟ್ರನ್. ದನಿ ತಗ್ಗಿಸಿದಳು. "ನೋಡು, ನಾನು ಸುಳ್ಳು ಬರಿ ಅಂತ ಹೇಳ್ತಿಲ್ಲ. ನೀನು ಕರೆದೇ ಇರ್ತೀಯ. ಕರೀದೆ ಯಾವತ್ತಾದ್ರೂ ಹೋಗಿದ್ದೀಯಾ? ಬರೆಯೋದು ಬಿಟ್ಟುಹೋಗಿದೆ ಅಷ್ಟೇ. 'ಕರೆದಾಗ ಓಗೊಟ್ಟರು.' ಎರಡೇ ಪದ. ಜಾಗಾನೂ ಅಷ್ಟೇ ಇದೆ."

ಮೇಟ್ರನ್ ಚಾರ್ಟನ್ನು ಅವಳ ಕಡೆ ಸರಿಸಿದಳು.

"ಇನ್ನೊಂದು ವಿಷ್ಯ. ಮೊನ್ನೆ ಆ ಮಗಳು ಫೋನ್ ಮಾಡಿದ್ಲು. ದೂರೋದಕ್ಕಲ್ಲ. ಅಪ್ಪ ನಿದ್ದೇಲಿದ್ರು ಅಂತ ನೀವು ಬರೆದಿದ್ದೀರಲ್ಲ, ನನಗೆ ಅದೊಂದೇ ಸಮಾಧಾನ ಅಂದ್ಲು. ಅವಳ ಸಮಾಧಾನ ಕಿತ್ಕೊಂಡು ನಿನಗೇನು ಬರೋದಿದೆ? ಹೋದೋರು ಎದ್ದು ಬರ್ತಾರಾ? ಇಲ್ಲಿ ಇಪ್ಪತ್ತೊಂದು ಜನ ಬೆಳಿಗ್ಗೆದ್ದರೆ ನಿನ್ನನ್ನೇ ಕೇಳ್ತಾರೆ. ನೀನು ಹೋದರೆ ಅವರಿಗೆ ಯಾರು?" ಮೇಟ್ರನ್ ಎದ್ದಳು. ನೀಲಿ ಪೆನ್ನನ್ನು ಚಾರ್ಟಿನ ಮೇಲೆ ಅಡ್ಡ ಇಟ್ಟಳು. "ನಾನೊಂದು ರೌಂಡ್ ಹೋಗಿ ಬರ್ತೀನಿ."

ಮೇಟ್ರನ್ ಕೆಟ್ಟವಳೆಂದು ಯಾರೂ ತಿಳಿಯಬೇಡಿ. ತಾನು ಹೇಳಿದ್ದರಲ್ಲಿ ಮುಕ್ಕಾಲು ಪಾಲನ್ನು ಅವಳು ನಂಬಿದ್ದಳು. ಉಳಿದ ಕಾಲು ಪಾಲು ಅವಳ ಸ್ವಂತ ಹೆದರಿಕೆ, ಏಕೆಂದರೆ ಕೆಳಗಿನ ಮೆಟ್ಟಿಲಿನವಳ ಕೆಲಸಕ್ಕೆ ಮೇಲಿನ ಮೆಟ್ಟಿಲಿನವಳೂ ಉತ್ತರ ಹೇಳಬೇಕು.

ಗೆರೆಯಕ್ಕ ಒಬ್ಬಳೇ ಕೂತಳು. ಪೆನ್ನು ಕೈಗೆತ್ತಿಕೊಂಡಳು ಕೂಡ. ಅದೇ ಬಣ್ಣದ ಶಾಯಿ, ಅದೇ ಕೈ. ಎರಡು ಪದ ಬರೆದು, ಉಳಿದ ಚೂರು ಜಾಗಕ್ಕೆ ತನ್ನ ಹೆಸರುವಾಸಿ ಗೆರೆಯನ್ನು ಎಳೆದುಬಿಟ್ಟರೆ ಬ್ರಹ್ಮ ಬಂದರೂ ಕಂಡುಹಿಡಿಯಲಾರ. ಅವಳ ಗೆರೆಯನ್ನು ಅನುಮಾನಿಸುವವರು ಈ ಮನೆಯಲ್ಲಿ ಯಾರೂ ಇರಲಿಲ್ಲ. ಅದು ನೆನಪಾದದ್ದೇ ಪೆನ್ನಿನ ಮುಚ್ಚಳ ಹಾಕಿ, ಚಾರ್ಟ್ ಮುಚ್ಚಿ, ಶಿಫ್ಟ್ ಮುಗಿಸಿ ಮನೆಗೆ ಹೋದಳು.

ಮನೆಯಲ್ಲಿ ಅಡುಗೆಮನೆಯ ಮೇಜು ಒಂದು ವರ್ಷದಿಂದ ನಾದಿನಿಯ ವಶದಲ್ಲಿತ್ತು. ಗಂಡನ ತಂಗಿ, ಮೂವತ್ತೆಂಟು ವಯಸ್ಸು. ಬಟ್ಟೆ ಅಂಗಡಿಯ ಕೆಲಸ ಬಿಟ್ಟು, ಅತ್ತಿಗೆಯನ್ನು ನೋಡಿ ನರ್ಸಿಂಗ್ ಓದಲು ಹೊರಟವಳು. ಕೋರ್ಸ್ ಮುಗಿಸಿದ್ದಳು, ಲೈಸೆನ್ಸ್ ಪರೀಕ್ಷೆಯಲ್ಲಿ ಒಮ್ಮೆ ಎರಡೇ ಅಂಕದಿಂದ ಡುಮ್ಕಿ ಹೊಡೆದಿದ್ದಳು. ಮುಂದಿನ ತಿಂಗಳು ಮತ್ತೆ ಪರೀಕ್ಷೆ. ವಿಚಾರಣೆಯ ವಿಷಯವನ್ನು ಗೆರೆಯಕ್ಕ ಗಂಡನಿಗೆ ಮಾತ್ರ ಹೇಳಿದ್ದಳು, ಓದುವವಳ ತಲೆ ಕೆಡಿಸಬಾರದೆಂದು ಇವಳಿಗೆ ಹೇಳಿರಲಿಲ್ಲ.

ಗೆರೆಯಕ್ಕ ತರಕಾರಿ ಹೆಚ್ಚಲು ಕೂತಳು. ನಾದಿನಿ ಪ್ರಶ್ನೆ ಪುಸ್ತಕ ಹಿಡಿದು ಎದುರು ಕೂತಳು.

"ಅತ್ತಿಗೆ, ಇದೊಂದು ಕೇಳಿ. ರೋಗಿ ಕಣ್ಣು ಮುಚ್ಚಿ ಮಲಗಿದ್ದಾರೆ. ಉಸಿರಾಟ ನಿಧಾನವಾಗಿದೆ. ಪ್ರಾಕ್ಟಿಕಲ್ ನರ್ಸ್ ಚಾರ್ಟಲ್ಲಿ ಏನು ಬರೀಬೇಕು? ಒಂದು, ನಿದ್ದೆ ಮಾಡುತ್ತಿದ್ದಾರೆ. ಎರಡು, ಕಣ್ಣು ಮುಚ್ಚಿ ಮಲಗಿದ್ದಾರೆ, ಉಸಿರಾಟ..."

ಗೆರೆಯಕ್ಕನ ಚಾಕು ನಿಂತಿತು.

"ಹೋದ ಸಲ ಒಂದು ಅಂತ ಹಾಕಿ ಅಂಕ ಕಳ್ಕೊಂಡೆ," ನಾದಿನಿ ತನ್ನ ಪಾಡಿಗೆ ಹೇಳುತ್ತಲೇ ಇದ್ದಳು. "ನಿದ್ದೇನ ನಿದ್ದೆ ಅಂದ್ರೆ ಇವರಪ್ಪನ ಗಂಟೇನು ಹೋಗುತ್ತೆ?"

"ನಿದ್ದೆ ಕಣ್ಣಿಗೆ ಕಾಣಲ್ಲ ಕಣೇ," ಎಂದಳು ಗೆರೆಯಕ್ಕ. ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. "ಕಣ್ಣು ಮುಚ್ಚಿರೋದು ಕಾಣುತ್ತೆ. ಅಷ್ಟು ಬರೀಬೇಕು. ಎಬ್ಬಿಸಿದಾಗ ಎದ್ದರೆ ಆಮೇಲೆ ತಾನೇ ಅದು ನಿದ್ದೆ ಅಂತ ಗೊತ್ತಾಗೋದು."

ಹೇಳಿ ಮುಗಿಸುವಷ್ಟರಲ್ಲಿ ಅಳು ಉಕ್ಕಿ ಬಂತು. ಈರುಳ್ಳಿಯ ನೆಪ ಹೇಳಲು ಎದುರಿಗೆ ಇದ್ದದ್ದು ಹುರುಳಿಕಾಯಿ. ನಾದಿನಿ ಪುಸ್ತಕ ಮಡಚಿಟ್ಟಳು. ಗೆರೆಯಕ್ಕ ಎಲ್ಲವನ್ನೂ ಹೇಳಿದಳು. ಬಾಗಿಲಲ್ಲಿ ನಿಂತದ್ದು, ಬರೆದದ್ದು, ತಾತ ಕೇಳದೇ ಇದ್ದದ್ದು, ಮೇಟ್ರನ್ ಇಟ್ಟ ಪೆನ್ನು. ಅಷ್ಟರಲ್ಲಿ ಗಂಡನೂ ಡ್ಯೂಟಿ ಮುಗಿಸಿ ಬಂದು ಬಾಗಿಲಿಗೆ ಒರಗಿ ನಿಂತಿದ್ದ.

"ಬರೆದುಬಿಡು," ಎಂದ ಅವನು. "ಇಪ್ಪತ್ಮೂರು ವರ್ಷಕ್ಕೆ ಒಂದು ಸಲ. ನಾನೂ ಲೈಸೆನ್ಸ್ ಇಟ್ಕೊಂಡೋನೇ. ಒಂದು ಸಲ ಕನ್ನಡಿ ನೋಡದೆ ಬಸ್ ತಿರುಗಿಸಿದ್ದಕ್ಕೆ ಹೋಗಿ ಒಪ್ಪಿಸು ಅಂದ್ರೆ ಒಬ್ಬ ಡ್ರೈವರೂ ಉಳಿಯಲ್ಲ."

"ನಿಮಗೆ ಆಗ ಹಿಂದೆ ಯಾರೂ ಇರಲಿಲ್ಲ. ನನಗೆ ಇದ್ರು," ಎಂದಳು ಗೆರೆಯಕ್ಕ.

ಅವನು ಹೆಂಡತಿಯ ಮೇಲಿನ ಪ್ರೀತಿಗೆ ಆಡಿದ ಮಾತು ಅದು, ಅವಳಿಗೂ ಗೊತ್ತಿತ್ತು. ನಾದಿನಿ ಮಾತ್ರ ಬೇರೆಯದನ್ನೇ ಯೋಚಿಸುತ್ತಿದ್ದಳು. ಮೆಲ್ಲಗೆ ಕೇಳಿದಳು:

"ನೀವು ಖಾಲಿ ಜಾಗ ಬಿಟ್ರಾ ಅತ್ತಿಗೆ?"

ಅದರಲ್ಲಿ ಆಪಾದನೆ ಎಳ್ಳಷ್ಟೂ ಇರಲಿಲ್ಲ, ಬರೀ ಆಶ್ಚರ್ಯವಿತ್ತು. ಮಂಡಳಿಯ ಕಾಗದಕ್ಕಿಂತ ಅದು ಹೆಚ್ಚು ನೋಯಿಸಿತು.

ಮರುದಿನ ಗೆರೆಯಕ್ಕ ಎಂಟು ಗಂಟೆಗೇ ಆರೈಕೆ ಮನೆಗೆ ಹೋದಳು. ಮೇಟ್ರನ್ ಎದುರಿಗೇ ಚಾರ್ಟ್ ಕೇಳಿ ಪಡೆದಳು. ಬರೆಯುವುದು ಬಿಟ್ಟುಹೋಗಿದ್ದರೆ ಹಳೆಯ ಸಾಲಿಗೆ ಕೈ ಹಚ್ಚಬಾರದು, ಇದೂ ನಿಯಮ. ಎಲ್ಲಕ್ಕಿಂತ ಕೆಳಗೆ, ಹೊಸ ಸಾಲಿನಲ್ಲಿ, ಬರೆಯುತ್ತಿರುವ ದಿನದ ತಾರೀಖು, ಬರೆಯುತ್ತಿರುವ ಗಂಟೆ ಹಾಕಿ, 'ತಡವಾಗಿ ಬರೆದದ್ದು' ಎಂದು ಹೇಳಿಕೊಂಡು ಬರೆಯಬೇಕು. ತಡವಾದದ್ದನ್ನು ತಡವಾಗಿದೆ ಎಂದೇ ಒಪ್ಪಿಕೊಳ್ಳಬೇಕು. ಅವಳು ತಾರೀಖು ಹಾಕಿದಳು, ಬೆಳಿಗ್ಗೆ ಎಂಟೂ ಹತ್ತು ಎಂದು ಹಾಕಿದಳು, ಆಮೇಲೆ ನಿಂತು ನಿಂತು ಬರೆದಳು:

'ತಡವಾಗಿ ಬರೆದದ್ದು. ಮೇಲೆ ಹೇಳಿದ ಬುಧವಾರ ಎರಡು ಗಂಟೆಗೆ ನಾನು ಬಾಗಿಲಲ್ಲಿ ನಿಂತು ನೋಡಿದೆ. ಕಣ್ಣು ಮುಚ್ಚಿತ್ತು. ಎದೆ ಏರಿಳಿಯುತ್ತಿತ್ತು. ನಾನು ಒಳಗೆ ಹೋಗಲಿಲ್ಲ. ಕರೆಯಲಿಲ್ಲ. ಮುಟ್ಟಿ ನೋಡಲಿಲ್ಲ. ನಿದ್ದೆ ಎಂದು ಬರೆದದ್ದು ನನ್ನ ಊಹೆ.'

ತಾತ ಕೇಳಲಿಲ್ಲ ಎಂಬುದನ್ನು ಚಾರ್ಟಿನ ಭಾಷೆಯಲ್ಲಿ ಹೇಗೆ ಬರೆಯುವುದೋ ತೋಚದೆ ಬಿಟ್ಟಳು. ಊಹೆ ಎಂಬ ಮಾತಿನಿಂದ ಅಂಚಿನ ತನಕ ಗೆರೆ ಎಳೆದು ಸಹಿ ಹಾಕಿದಳು. ಮೇಲಿನ ಖಾಲಿ ಜಾಗವನ್ನು ಮುಟ್ಟಲಿಲ್ಲ.

ಮೇಟ್ರನ್ ಓದಿದಳು.

"ನಿನ್ನ ಕೈಯಾರೆ ನೀನೇ ಹಾಳು ಮಾಡ್ಕೊಂಡೆಯಲ್ಲೇ," ಎಂದಳು. ಆಮೇಲೆ ಚಾರ್ಟನ್ನು ಲಕೋಟೆಗೆ ಹಾಕಿ, ಅಂಟಿಸಿ, ತಾನೇ ಅದರ ಮೇಲೆ ಸಹಿ ಹಾಕಿ ಕೊಟ್ಟಳು. "ಹೋಗು. ಬಸ್ಸು ತಪ್ಪಿಸ್ಕೋಬೇಡ."

ಮಂಡಳಿಯ ಕಚೇರಿ ನಾಲ್ಕನೇ ಮಹಡಿಯಲ್ಲಿತ್ತು. ಉದ್ದನೆಯ ಮೇಜಿನ ಆಚೆ ಮೂವರು. ನಡುವೆ ಅಧ್ಯಕ್ಷೆ, ನರೆತ ಕೂದಲಿನ ಹಳೆಯ ನರ್ಸ್. ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ವಕೀಲರು. ಮೂಲೆಯಲ್ಲಿ ಗುಮಾಸ್ತೆ ಪ್ರತಿ ಮಾತನ್ನೂ ಟೈಪ್ ಮಾಡುತ್ತಿದ್ದಳು. ಗೋಡೆಯ ಪಕ್ಕದ ಕುರ್ಚಿಯಲ್ಲಿ ತಾತನ ಮಗಳು ಕೈಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದಳು.

ಅಧ್ಯಕ್ಷೆ ಲಕೋಟೆ ಒಡೆದು ಚಾರ್ಟ್ ಓದಿದಳು. ಎರಡು ಗಂಟೆಯ ಸಾಲಿನ ಮೇಲೆ ಬೆರಳಿಟ್ಟಳು, ಖಾಲಿ ಜಾಗದ ಮೇಲೆ ಬೆರಳು ಎಳೆದಳು, ಕೆಳಗಿನ ಹೊಸ ಸಾಲಿಗೆ ಬಂದಳು. ಅದನ್ನು ಗಟ್ಟಿಯಾಗಿ ಓದಿದಳು. ಮಗಳು ತಲೆಯೆತ್ತಿದಳು.

"ಇದನ್ನ ಇವತ್ತು ಬೆಳಿಗ್ಗೆ ಬರೆದಿದ್ದೀರಾ?"

"ಹೌದು ಮೇಡಂ."

"ಮೇಲಿನ ಸಾಲಲ್ಲಿ ಜಾಗ ಇತ್ತಲ್ಲ." ಇದು ಪ್ರಶ್ನೆಯೋ ಪರೀಕ್ಷೆಯೋ ತಿಳಿಯಲಿಲ್ಲ.

"ಇತ್ತು ಮೇಡಂ. ಅದು ಆವತ್ತಿನ ಜಾಗ."

ಅಧ್ಯಕ್ಷೆ ಚಾರ್ಟನ್ನು ಪಕ್ಕದ ಡಾಕ್ಟರಿಗೆ ದಾಟಿಸಿದಳು. "ಒಳಗೆ ಯಾಕೆ ಹೋಗಲಿಲ್ಲ?"

ಹೇಳಲು ಎಷ್ಟೋ ಇತ್ತು. ಇಬ್ಬರೇ ಇದ್ದರು, ಕಾಲು ಸೋತಿತ್ತು, ತಾತ ಮಲಗಲಿ ಎಂಬ ಕನಿಕರವಿತ್ತು. ಒಂದೂ ಸುಳ್ಳಲ್ಲ. "ಹೋಗಬೇಕಿತ್ತು. ಹೋಗಲಿಲ್ಲ," ಎಂದಳು.

ಆಗ ಮಗಳು ಎದ್ದು ನಿಂತಳು. ತಾನೊಂದು ಮಾತು ಕೇಳಬಹುದೇ ಎಂದಳು. ವಕೀಲರು ಬೇಡವೆನ್ನುವ ಹಾಗೆ ಮುಖ ಮಾಡಿದರು, ಅಧ್ಯಕ್ಷೆ ತಲೆಯಾಡಿಸಿದಳು. ಮಗಳು ಗೆರೆಯಕ್ಕನ ಕಡೆ ತಿರುಗಿದಳು.

"ನೀವು ಬಾಗಿಲಲ್ಲಿ ನಿಂತಾಗ ಅಪ್ಪ ಕೇಳಿದ್ರಾ?"

ಕೋಣೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ, ಗುಮಾಸ್ತೆಯ ಬೆರಳು ನಿಂತವು. ಗೆರೆಯಕ್ಕನಿಗೆ ಮಾತ್ರ ಅರ್ಥವಾಯಿತು. ಮಗಳ ಕಣ್ಣು ಬೇಡುತ್ತಿದ್ದವು. ಕೇಳಿದರು ಎಂದುಬಿಟ್ಟರೆ ಮುಗಿಯಿತು. ಎರಡು ಗಂಟೆಗೆ ತಾತ ಚೆನ್ನಾಗಿದ್ದರು ಎಂದಾಗುತ್ತದೆ. ಲೈಸೆನ್ಸ್ ಉಳಿಯುತ್ತದೆ. ಈ ಹುಡುಗಿ ಇವತ್ತಾದರೂ ಹೊಟ್ಟೆ ತಣ್ಣಗೆ ಮಾಡಿಕೊಂಡು ಮನೆಗೆ ಹೋಗುತ್ತಾಳೆ. ಆ ಜೋಕಿಗೆ ಚಾರ್ಟಿನಲ್ಲಿ ಸಾಕ್ಷಿಯಿಲ್ಲ, ಇಲ್ಲ ಎನ್ನಲು ಯಾರೂ ಇಲ್ಲ. ಈ ಖಾಲಿ ಜಾಗಕ್ಕೆ ಗೆರೆ ಎಳೆಯುವವರೂ ಅವಳನ್ನು ಬಿಟ್ಟು ಇನ್ಯಾರೂ ಇರಲಿಲ್ಲ.

"ಇಲ್ಲಮ್ಮ," ಎಂದಳು ಗೆರೆಯಕ್ಕ. "ಕೇಳಲಿಲ್ಲ. ನನಗೆ ಆಗ ಗಮನಕ್ಕೆ ಬರಲಿಲ್ಲ. ಆಮೇಲೆ ಬಂತು."

"ಹಾಗಾದ್ರೆ ನಿದ್ದೆ ಅಲ್ಲ?"

"ಗೊತ್ತಿಲ್ಲ. ಕಣ್ಣು ಮುಚ್ಚಿದ್ರು. ನಾನು ನೋಡಿದ್ದು ಅಷ್ಟೇ."

ಮಗಳು ಕುಸಿದಂತೆ ಕುರ್ಚಿಯಲ್ಲಿ ಕೂತಳು. ಅಳಲಿಲ್ಲ. ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

"ನನ್ನನ್ನೂ ಕೇಳಲಿಲ್ಲ," ಎಂದಳು ಕೊನೆಗೆ. "ನಾನು ಮೂರೂಕಾಲಿಗೆ ಬಂದೆ. ಬಾಗಿಲಲ್ಲಿ ನಿಂತೆ. ಕೇಳಲಿಲ್ಲ. ನಿದ್ದೆ ಬಂದಿದೆ ಪಾಪ ಅಂತ ಸದ್ದು ಮಾಡದೆ ಪಕ್ಕದಲ್ಲಿ ಕೂತೆ. ಪೇಪರ್ ಓದಿದೆ. ಇಪ್ಪತ್ತು ನಿಮಿಷ. ಪಕ್ಕದಲ್ಲೇ ಕೂತು ಪೇಪರ್ ಓದಿದೆ ನಾನು. ಇವರೂ ನಿದ್ದೆ ಅಂತ ಬರೆದಿದ್ದಾರೆ, ಹಾಗಾದ್ರೆ ಅದು ನಿದ್ದೇನೇ ಇರಬೇಕು, ನನ್ನ ತಪ್ಪಲ್ಲ ಅಂತ..."

ಮೂಲೆಯಲ್ಲಿ ಟೈಪ್ ಮಾಡುವ ಸದ್ದು ಶುರುವಾಯಿತು. ಗೆರೆಯಕ್ಕ ಎದ್ದೇಬಿಟ್ಟಳು. ವಿಚಾರಣೆಗೆ ಬಂದವಳು ಹಾಗೆ ಏಳಬಾರದು, ಅವಳ ಗಮನಕ್ಕೇ ಬರಲಿಲ್ಲ.

"ಮೇಡಂ, ಅದನ್ನ ಬರೆಸಬೇಡಿ."

"ಹೇಳಿದ್ದೆಲ್ಲ ದಾಖಲಾಗಬೇಕು," ಎಂದರು ವಕೀಲರು.

"ನನ್ನದು ದಾಖಲಾಗಲಿ. ಇವರದು ಬೇಡ." ಗೆರೆಯಕ್ಕ ಅಧ್ಯಕ್ಷೆಗೆ ಹೇಳುತ್ತಿದ್ದರೂ ನೋಡುತ್ತಿದ್ದದ್ದು ಮಗಳನ್ನು. "ಇವರು ಮಗಳು ಮೇಡಂ. ಅಪ್ಪ ಕಣ್ಣು ಮುಚ್ಚಿದ್ರೆ ಮಗಳು ನಿದ್ದೆ ಅಂದ್ಕೋಬಹುದು. ಅಂದ್ಕೊಂಡು ಪೇಪರ್ ಓದಬಹುದು. ಅದು ಅವರ ಹಕ್ಕು. ನಾನು ಅಂದ್ಕೊಳ್ಳೋ ಹಾಗಿಲ್ಲ. ನಾನು ಅಂದ್ಕೋಬಾರದು ಅಂತಾನೇ ನೀವು ನನಗೆ ಲೈಸೆನ್ಸ್ ಕೊಟ್ಟಿರೋದು. ಆ ಇಪ್ಪತ್ತು ನಿಮಿಷಾನೂ ನನ್ನ ಲೆಕ್ಕಕ್ಕೇ ಬರುತ್ತೆ. ಇವರಮ್ಮನ ಹಾಗೆ ಕೈ ಮುಗಿದು ಕೇಳ್ಕೊಳ್ತೀನಿ, ಇವರದನ್ನ ಬರೆಯಬೇಡಿ."

ಅಧ್ಯಕ್ಷೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಗುಮಾಸ್ತೆಯ ಕಡೆ ನೋಡಿ, ಇಬ್ಬರ ಖಾಸಗಿ ಮಾತುಕತೆಯನ್ನು ವಿಚಾರಣೆಯ ಭಾಗವೆಂದು ಪರಿಗಣಿಸಬೇಕಾಗಿಲ್ಲ ಎಂದು ಕಚೇರಿಯ ದನಿಯಲ್ಲಿ ಹೇಳಿದಳು. ವಕೀಲರು ಬಾಯಿ ತೆರೆದರು, ಡಾಕ್ಟರು ಅವರ ತೋಳು ಮುಟ್ಟಿದರು.

ಎಲ್ಲರನ್ನೂ ಹೊರಗೆ ಕೂರಿಸಿ ಅರ್ಧ ಗಂಟೆಯ ಮೇಲೆ ಮತ್ತೆ ಕರೆದರು. ತೀರ್ಮಾನ ಓದಿದರು. ಕರ್ತವ್ಯಲೋಪ ನಡೆದಿದೆ. ಲೈಸೆನ್ಸ್ ಆರು ತಿಂಗಳು ಅಮಾನತು. ಆ ನಂತರ ದಾಖಲೆ ಬರೆಯುವ ತರಬೇತಿಯನ್ನು ಮತ್ತೆ ಪಡೆದು, ಒಂದು ವರ್ಷ ಮೇಲಿನವರ ಕಣ್ಗಾವಲಿನಲ್ಲಿ ಕೆಲಸ ಮಾಡಬೇಕು. ಆ ಆರೈಕೆ ಮನೆಯಲ್ಲಿ ಶಿಫ್ಟಿಗೆ ಎಷ್ಟು ಜನರಿರುತ್ತಾರೆ ಎಂಬುದನ್ನು ಮಂಡಳಿ ಬೇರೆಯಾಗಿ ವಿಚಾರಿಸುತ್ತದೆ. ಗೆರೆಯಕ್ಕ ತನ್ನ ಬ್ಯಾಡ್ಜಿನ ಹಿಂದಿನಿಂದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು. ಇಪ್ಪತ್ಮೂರು ವರ್ಷದಲ್ಲಿ ಅದು ಅವಳ ಮೈಮೇಲಿಂದ ಇಳಿದದ್ದು ನವೀಕರಣಕ್ಕೆ ಮಾತ್ರ. ಗುಮಾಸ್ತೆ ಸಹಿಗಾಗಿ ಹಾಳೆ ಚಾಚಿದಳು. ಸಾಲಿನ ಕೆಳಗೆ ಅರ್ಧ ಹಾಳೆ ಖಾಲಿಯಿತ್ತು. ಗೆರೆಯಕ್ಕ ಸಹಿ ಹಾಕಿ, ಪೆನ್ನನ್ನು ಹಾಗೇ ಕೆಳಗಿನ ಅಂಚಿನ ತನಕ ಎಳೆದಳು.

ಹೊರಗೆ ಹಜಾರದಲ್ಲಿ ಮಗಳು ಲಿಫ್ಟಿನ ಮುಂದೆ ನಿಂತಿದ್ದಳು. ಗುಂಡಿ ಒತ್ತಿರಲಿಲ್ಲ. ಗೆರೆಯಕ್ಕ ಹೋಗಿ ಪಕ್ಕದಲ್ಲಿ ನಿಂತಳು. ಮೆಟ್ಟಿಲು ಇಳಿದು ಹೋಗಬಹುದಿತ್ತು, ಹೋಗಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಾಗಿಲು ತೆರೆಯಿತು. ಒಳಗೆ ಫೈಲುಗಳ ಕಟ್ಟು ಹೊತ್ತ ಕಚೇರಿಯ ಜವಾನ ನಿಂತಿದ್ದ. ಇಬ್ಬರು ಹೆಂಗಸರು ಸುಮ್ಮನೆ ನಿಂತೇ ಇರುವುದನ್ನು ಕಂಡು ಬಾಗಿಲಿಗೆ ಕೈ ಅಡ್ಡ ಹಿಡಿದ.

"ಮೇಲಕ್ಕಾ ಅಮ್ಮ, ಕೆಳಗಾ?"

ಮಗಳ ಬಾಯಿಂದ ಒಂದು ಸದ್ದು ಬಂತು, ನಗುವೂ ಅಲ್ಲ, ಅಳುವೂ ಅಲ್ಲ. ಗೆರೆಯಕ್ಕ ಅವಳ ಮೊಣಕೈ ಹಿಡಿದುಕೊಂಡಳು. ಮುಟ್ಟಿದಾಗ ಅವಳು ನಡುಗುತ್ತಿದ್ದದ್ದು ಗೊತ್ತಾಯಿತು.

"ಕೆಳಗೆ ಅಣ್ಣ," ಎಂದಳು. "ಇಬ್ಬರೂ."